ಹೊಸ ವೇಪ್ ಡಿವೈಸ್ (ಇ-ಸಿಗರೇಟು) ಫೈರ್ ಆಗ್ತಿಲ್ಲ, "ಚೆಕ್ ಅಟಾಮೈಸರ್" ಅಂತೈತೆ, ಗೊತ್ತಿದ್ದೋರು ಹೇಳ್ರಪ್ಪ

ಪಂಪ್‌ಸೆಟ್ ಅಣ್ಣ, ದಾವಣಗೆರೆ

ಎಲ್ರಿಗೂ ನಮಸ್ಕಾರ. ನಂದು ಹಳೇ ಪಿ.ಬಿ. ರೋಡ್ ಕಡೆ ಮೋಟಾರ್ ವೈಂಡಿಂಗ್ ಅಂಗಡಿ, 26 ವರ್ಷದಿಂದ ಬೋರ್‌ವೆಲ್ ಮೋಟಾರ್ ಕಟ್ಟೋದೇ ಕೆಲಸ, ಬಿಚ್ಚೋಕೆ ಮುಂಚೆ ವಾಸನೆ ನೋಡಿನೇ ಕಾಯಿಲ್ ಸುಟ್ಟೈತೋ ಇಲ್ವೋ ಹೇಳ್ತೀನಿ. ಅಂಥವನ ಮರ್ಯಾದೆನ ಈ ಅಂಗೈ ಅಗಲದ ಡಬ್ಬಿ ನಾಲ್ಕು ದಿನದಿಂದ ತೆಗೀತೈತೆ.

ವಿಷಯ ಏನಂದ್ರೆ ನಾನು ದಿನಕ್ಕೆ ಒಂದು ಪ್ಯಾಕು ಸಿಗರೇಟು ಸೇದೋನು, ವಾರ್ನಿಷ್ ಹೊಗೆ ಬೇರೆ. ಇಂಗ್ಲೆಂಡಲ್ಲಿರೋ ಅಕ್ಕನ ಮಗ ಹೋದ ವಾರ ಹರಿಹರಕ್ಕೆ ಬಂದಿದ್ದ, ಮಾಮಾ ಇದನ್ನ ಸೇದು ಸಿಗರೇಟು ಬಿಡು ಅಂತ ಕೊಟ್ಟು ಹೋದ. ಅಲ್ಲಿ 2025ರ ಜೂನ್ 1ರಿಂದ ಸೇದಿ ಬಿಸಾಕೋ ಥರದ್ದು ಬಂದ್ ಮಾಡಿದಾರಂತೆ, ಅದಕ್ಕೇ ಲಿಕ್ವಿಡ್ ತುಂಬಿಸಿಕೊಳ್ಳೋದು ತಂದೀನಿ ಅಂದ. ಕೆಳಗೆ ಚೌಕದ ಡಬ್ಬಿ, ಸಣ್ಣ ಡಿಸ್‌ಪ್ಲೇ, ಮೇಲೆ ತಿರುಗಿಸಿ ಹಾಕೋ ಗಾಜಿನ ಟ್ಯಾಂಕು, ಒಳಗೆ ಲಿಕ್ವಿಡ್ ಬಿಸಿ ಮಾಡೋ ಕಾಯಿಲ್, ಹಿಂದೆ ಒಂದು 18650 ಸೆಲ್ (ಚಾರ್ಜ್ ಮಾಡೋ ಲಿಥಿಯಂ ಸೆಲ್) ಹಾಕೋ ಜಾಗ.

ಸೆಲ್ ಡಬ್ಬಿಯೊಳಗೆ ಇರ್ಲಿಲ್ಲ. ಅದೇನು ಮಹಾ ಅಂತ ಅಂಗಡಿ ಹೆಡ್‌ಲೈಟ್ ಟಾರ್ಚಿಂದ ಒಂದು ತೆಗೆದು ಹಾಕಿದೆ, ಅದೇ ಸೈಜು. ಡಿಸ್‌ಪ್ಲೇ ಬಂತು. ಬಟನ್ ಒತ್ತಿದ್ರೆ "ಚೆಕ್ ಅಟಾಮೈಸರ್" (ಅಂದ್ರೆ ಮೇಲಿನ ಟ್ಯಾಂಕು, ಕಾಯಿಲ್ ಭಾಗ ನೋಡು) ಅಂತ ಬಂದು ಮಾಯ ಆಗುತ್ತೆ, ಹೊಗೆ ಇಲ್ಲ ಬಿಸಿ ಇಲ್ಲ. ಟ್ಯಾಂಕ್ ಬಿಚ್ಚಿ ಹಾಕೀನಿ, ಇನ್ನೂ ಬಿಗಿ ಮಾಡೀನಿ, ಬಾಕ್ಸಲ್ಲಿದ್ದ ಇನ್ನೊಂದು ಕಾಯಿಲ್ ಬದಲಾಯಿಸೀನಿ, ಅದೇ ಹಾಡು. ಕಾಯಿಲ್ ಹೊರಗೆ ತೆಗೆದು ನಮ್ಮ ಸೀರೀಸ್ ಬಲ್ಬಿಗೆ (ಕರೆಂಟ್ ವೈರಿನ ನಡುವೆ ಬಲ್ಬ್ ಹಾಕಿ ಮೋಟಾರ್ ಟೆಸ್ಟ್ ಮಾಡೋದು) ಹಿಡಿದೆ, ಬಲ್ಬು ಝಗ್ ಅಂತ ಉರೀತು, ಅಂದ್ರೆ ಕಾಯಿಲ್ ಸರಿ ಐತೆ ಅಂತ ನನ್ನ ಲೆಕ್ಕ. ಎರಡೆರಡು ಕಾಯಿಲೂ ಸರಿ ಇದ್ಮೇಲೆ ಇದು ಇನ್ನೇನು ಚೆಕ್ ಮಾಡು ಅಂತೈತೆ?

ನಮ್ಮ ಅಂಗಡಿ ಹುಡುಗ ರಿಪೇರಿಗೆ ಬಂದದ್ದೆಲ್ಲ ಬುಕ್ಕಲ್ಲಿ ಬರೀತಾನೆ. ಇದನ್ನೂ ಬರೆದವ್ನೆ ನೋಡ್ರಿ, "ಸಣ್ಣ ಮೋಟಾರ್, ಪಾರ್ಟಿ: ಅಣ್ಣ ಅವರು" ಅಂತ.

ಮಂಡಕ್ಕಿ ಮಿರ್ಚಿ

ಅಣ್ಣಾ ಪವರ್ ಬಟನ್ ಬೇಗ ಬೇಗ ಐದು ಸಲ ಒತ್ತಿ ನೋಡಿದ್ರಾ? ಈ ಡಬ್ಬಿಗಳು ಹೆಚ್ಚಿನವು ಐದು ಸಲಕ್ಕೆ ಆನ್, ಐದು ಸಲಕ್ಕೆ ಆಫ್. ಜೇಬಲ್ಲಿ ತಾನಾಗಿ ಒತ್ತಿ ಉರೀಬಾರ್ದು ಅಂತ ಹಂಗೆ ಮಾಡಿರೋದು. ನಮ್ಮ ಹಾಸ್ಟೆಲ್ ರೂಮ್‌ಮೇಟ್ ಒಬ್ಬ ಎರಡು ದಿನ ಇದು ಹಾಳಾಗಿದೆ ಅಂತ ಅತ್ತುಕೊಂಡು ಕೂತಿದ್ದ, ಮೂರನೇ ದಿನ ಸಿಟ್ಟಲ್ಲಿ ಟಪಟಪ ಒತ್ತಿದಾಗ ಆನ್ ಆಯ್ತು.

ಆಮೇಲೆ ಹೊಸ ಪೀಸ್ ಆದ್ರೆ ಸೆಲ್ ಜಾಗದಲ್ಲಿ, ಟ್ಯಾಂಕ್ ತಳದಲ್ಲಿ ಪಾರದರ್ಶಕ ಸ್ಟಿಕ್ಕರ್ ಇರುತ್ತೆ, ಅದನ್ನ ಕಿತ್ತಿದೀರಾ? ಹೊಸ ರಿಮೋಟಲ್ಲಿ ಸೆಲ್ ಮುಂದೆ ಇರೋ ಪ್ಲಾಸ್ಟಿಕ್ ಥರ.

ಪಂಪ್‌ಸೆಟ್ ಅಣ್ಣ

ಐದು ಸಲ ಒತ್ತಿದ್ದಕ್ಕೇ ಡಿಸ್‌ಪ್ಲೇ ಬಂದಿದ್ದು ತಮ್ಮಾ, ಅದಾಯ್ತು. ಸ್ಟಿಕ್ಕರ್ ಇತ್ತು ಕಿತ್ತೀನಿ, ಟ್ಯಾಂಕ್ ತಳದಾಗೆ ಒಂದು ರಬ್ಬರ್ ಟೋಪಿ ಇತ್ತು ಅದನ್ನೂ ತೆಗೆದೀನಿ. ಅಷ್ಟು ದಡ್ಡ ಅಲ್ಲಪ್ಪ.

ಹಾಟ್ ಏರ್ ಗನ್

ಅಣ್ಣ ಮೊದಲನೇದು, ಆ ಸೀರೀಸ್ ಬಲ್ಬ್ ಇದರ ಹತ್ರ ತರಬೇಡಿ ದಯವಿಟ್ಟು. ಎರಡು ಕಾರಣ. ಬಲ್ಬ್ ಸೀರೀಸಲ್ಲಿದ್ರೂ ಆ ವೈರಲ್ಲಿ ಇರೋದು 230 ವೋಲ್ಟ್ ಕರೆಂಟೇ, ಕಾಯಿಲ್ ಇಡೀ ಲೋಹದ್ದು, ಒಂದು ಕೈ ತಾಗಿದ್ರೆ ಕಥೆ ನಿಮಗೆ ಹೇಳಬೇಕಿಲ್ಲ. ಇನ್ನೊಂದು, ಅದರಿಂದ ಏನೂ ಗೊತ್ತಾಗಲ್ಲ. ಉರೀವಾಗ 100 ವ್ಯಾಟ್ ಬಲ್ಬಿನ ರೆಸಿಸ್ಟೆನ್ಸ್ 500 ಓಮ್ ಮೇಲೆ ಇರುತ್ತೆ, ನಿಮ್ಮ ಕಾಯಿಲ್ 0.4 ಓಮೋ ಏನೋ, ಕಾಯಿಲ್ ಚೆನ್ನಾಗಿದ್ರೂ ಬಲ್ಬು ಝಗ್ ಅನ್ನುತ್ತೆ, ಶಾರ್ಟ್ ಆಗಿದ್ರೂ ಅಷ್ಟೇ ಝಗ್ ಅನ್ನುತ್ತೆ. ಮೋಟಾರಿಗೆ ಸರಿ, ಇದಕ್ಕೆ ಸರಿ ಅಲ್ಲ.

ಮಲ್ಟಿಮೀಟರ್ ತಗೊಳ್ಳಿ. 200 ಓಮ್ ಸ್ಕೇಲಿಗಿಟ್ಟು ಮೊದಲು ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿ, 0.2 ಅಥವಾ 0.3 ಅಂತ ಏನೋ ತೋರಿಸುತ್ತೆ, ಅದು ನಿಮ್ಮ ವೈರಿನ ರೆಸಿಸ್ಟೆನ್ಸ್, ಅದನ್ನ ಬರೆದಿಟ್ಟುಕೊಂಡು ಆಮೇಲೆ ಬರೋ ಲೆಕ್ಕದಲ್ಲಿ ಕಳೀರಿ. ಆಮೇಲೆ ಬರೀ ಕಾಯಿಲ್ ನೋಡಿ, ತಳದ ನಡುವಿನ ಚುಕ್ಕೆಗೆ ಒಂದು ಪ್ರೋಬ್, ಸುತ್ತ ಇರೋ ಲೋಹಕ್ಕೆ ಇನ್ನೊಂದು. ಕಾಯಿಲ್ ಮೈಮೇಲೆ ಓಮ್ ಬರೆದಿರ್ತಾರೆ, ಅದಕ್ಕೆ ಹೊಂದಬೇಕು. ಆಮೇಲೆ ಕಾಯಿಲ್‌ನ ಟ್ಯಾಂಕೊಳಗೆ ಹಾಕಿ, ಟ್ಯಾಂಕಿನ ತಳದಲ್ಲಿ ಮತ್ತೆ ಹಂಗೇ ನೋಡಿ, ನಡುವಿನ ಪಿನ್ನಿಗೊಂದು, ಸುತ್ತಿನ ಥ್ರೆಡ್ಡಿಗೊಂದು. ಎರಡೂ ಕಡೆ ಒಂದೇ ಲೆಕ್ಕ ಬರಬೇಕು. ಬರದಿದ್ರೆ ಎಲ್ಲಿ ತಪ್ಪುತ್ತೆ ಅಂತ ಅಲ್ಲೇ ಸಿಕ್ತು.

ಯಾಕೆ ಹಿಂಗೆ ಹೇಳ್ತೀನಿ ಅಂದ್ರೆ ಡಬ್ಬಿ ಹೇಳೋ "ಚೆಕ್ ಅಟಾಮೈಸರ್" ಅಂದ್ರೆ ಕಾಯಿಲ್ ಸುಟ್ಟೋಗಿದೆ ಅಂತಲೇ ಅಲ್ಲ, ನನಗೆ ಮೇಲೆ ಯಾವ ಕಾಯಿಲೂ ಕಾಣ್ತಾ ಇಲ್ಲ ಅಂತ ಅದರ ಗೋಳು. ಅದು ಬಟನ್ ಒತ್ತಿದಾಗ ಮೊದಲು ಓಮ್ ಅಳೆದು ಆಮೇಲೆ ಕರೆಂಟ್ ಬಿಡೋದು. ಓಪನ್ (ಎಲ್ಲೋ ಸಂಪರ್ಕ ಕಡಿದು) ಇದ್ರೂ ಬಿಡಲ್ಲ, ಶಾರ್ಟ್ ಇದ್ರೂ ಬಿಡಲ್ಲ.

ಇನ್ನೊಂದು. ಟ್ಯಾಂಕ್ ಕೂರೋ ಥ್ರೆಡ್ಡಿಗೆ 510 ಅಂತಾರೆ, 7 ಮಿ.ಮೀ. ಅಗಲ, 0.5 ಮಿ.ಮೀ. ಪಿಚ್. ನಡುವಿನ ಪಿನ್ ಪಾಸಿಟಿವ್, ಸುತ್ತಿನ ಥ್ರೆಡ್ ನೆಗೆಟಿವ್. ಡಬ್ಬಿ ಕಡೆ ಪಿನ್ನಿಗೆ ಕೆಳಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುತ್ತೆ. ನೀವು "ಇನ್ನೂ ಬಿಗಿ ಮಾಡೀನಿ" ಅಂದ್ರಲ್ಲ ಅದು ನನಗೆ ಭಯ. ನಿಮ್ಮದು ಫೌಂಡೇಶನ್ ಬೋಲ್ಟ್ ತಿರುಗಿಸೋ ಕೈ, ಪಿನ್ ಒಳಗೆ ಕೂತು ಬಿಟ್ರೆ ಅದು ಮೇಲೆ ಬರಲ್ಲ. ಎರಡು ಬೆರಳಲ್ಲಿ ಎಷ್ಟಾಗುತ್ತೋ ಅಷ್ಟೇ ಸಾಕು.

ಕೋರ್ಟ್ ಕಟ್ಟೆ

ಎಲ್ಲರೂ ಓಮ್ ಓಮ್ ಅಂತ ಜಪ ಮಾಡ್ತಿದ್ದೀರಿ, ಮಧ್ಯೆ ಬಾಯಿ ಹಾಕ್ತಿದ್ದೀನಿ ಬೇಜಾರಾಗಬೇಡಿ. ಇದು ನಮ್ಮ ದೇಶದಲ್ಲಿ ನಿಷೇಧ ಆಗಿರೋ ವಸ್ತು. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸ್ತು, ಕೇಂದ್ರದ್ದು 2019ರ ಸೆಪ್ಟೆಂಬರಲ್ಲಿ ಸುಗ್ರೀವಾಜ್ಞೆ, ಅದೇ ವರ್ಷ ಡಿಸೆಂಬರಲ್ಲಿ ಕಾಯ್ದೆ. ತಯಾರಿಕೆ, ಆಮದು, ರಫ್ತು, ಸಾಗಾಟ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ, ಎರಡನೇ ಸಲ ಆದ್ರೆ 3 ವರ್ಷ ಮತ್ತು 5 ಲಕ್ಷದವರೆಗೆ. ದಾಸ್ತಾನು ಇಟ್ಟುಕೊಂಡ್ರೆ 6 ತಿಂಗಳವರೆಗೆ ಜೈಲು ಅಥವಾ 50,000 ದಂಡ ಅಥವಾ ಎರಡೂ.

ಸೇದಿದ್ದಕ್ಕೆ ಅಂತಲೇ ಬೇರೆ ಶಿಕ್ಷೆ ಆ ಕಾಯ್ದೆಯಲ್ಲಿ ಬರೆದಿಲ್ಲ, ಇದನ್ನೇ ಹಿಡ್ಕೊಂಡು ಹುಡುಗರು ವಾದ ಮಾಡ್ತಾರೆ. ಆದರೆ ಆಮದು ಅಂದ್ರೆ ಕಾಯ್ದೆ ಪ್ರಕಾರ ಹೊರದೇಶದಿಂದ ಭಾರತದೊಳಗೆ ತರೋದು. ಕಂಟೇನರ್ ತುಂಬ ತಂದ್ರೆ ಮಾತ್ರ ಅಂತ ಎಲ್ಲೂ ಇಲ್ಲ. ನಿಮ್ಮ ಅಳಿಯ ಸೂಟ್‌ಕೇಸಲ್ಲಿ ತಂದದ್ದು ಆ ಸಾಲಿಗೇ ಬರುತ್ತೆ ಸ್ವಾಮಿ. ಮುಂದಿನ ಸಲ ಕಾಯಿಲ್ ತಗೊಂಡ್ ಬಾರೋ ಅಂತ ಫೋನ್ ಮಾಡಬೇಡಿ, ಅಷ್ಟು ಹೇಳೋಕೆ ಬಂದೆ. ಇಲ್ಲೂ ಯಾರಾದ್ರೂ "ನನ್ನ ಹತ್ರ ಸಿಗುತ್ತೆ ಮೆಸೇಜ್ ಮಾಡಿ" ಅಂತ ಬರೆದ್ರೆ ಅಡ್ಮಿನ್ ಅಳಿಸಬೇಕು.

ಮಂಡಕ್ಕಿ ಮಿರ್ಚಿ

ಸಿಗರೇಟು ಮಾತ್ರ ಮೂಲೆಮೂಲೆ ಡಬ್ಬಿ ಅಂಗಡಿಲಿ ಸಿಗಬಹುದು, ಇದು ಮಾತ್ರ ಬ್ಯಾನು. ಏನ್ ನ್ಯಾಯ ಸಾರ್ ಇದು.

ಕೋರ್ಟ್ ಕಟ್ಟೆ

ನ್ಯಾಯ ಬೇರೆ ಕಾಯ್ದೆ ಬೇರೆ ಅಂತ ನಮ್ಮ ಸೀನಿಯರು ಮೊದಲನೇ ದಿನವೇ ಹೇಳಿಕೊಟ್ರು. ನನಗೆ ಗೊತ್ತಿರೋದು ಎರಡನೇದು ಮಾತ್ರ.

ಪಂಪ್‌ಸೆಟ್ ಅಣ್ಣ

ವಕೀಲರೇ ನಿಮ್ಮ ಮಾತು ತಲೆಗೆ ಹೋಯ್ತು, ನಂಗೆ ಇದು ಗೊತ್ತಿದ್ದಿಲ್ಲ, ಸುಳ್ಳು ಯಾಕೆ ಹೇಳ್ಲಿ. ಅಳಿಯನಿಗೂ ಗೊತ್ತಿಲ್ಲ ಅನ್ಸುತ್ತೆ. ಅವನಿಗೆ ಹೇಳ್ತೀನಿ. ಆದ್ರೆ ನನ್ನ ಕೈಗೆ ಬಂದ ಮಷಿನ್ನು ಯಾಕೆ ನಡೀತಿಲ್ಲ ಅಂತ ಗೊತ್ತಾಗ್ದೆ ರಾತ್ರಿ ನಿದ್ದೆ ಬರಲ್ರಿ ನಂಗೆ, ಅದು ಬೇರೆ ಕಾಯಿಲೆ.

ಹಾಟ್ ಏರ್ ಗನ್ ತಮ್ಮಾ, ನೀ ಹೇಳಿದಂಗೆ ನೋಡಿದೆ. ಪ್ರೋಬ್ ತಾಗಿಸಿದ್ರೆ 0.3. ಬರೀ ಕಾಯಿಲ್ 0.7, ಕಳೆದ್ರೆ 0.4, ಮೈಮೇಲೆ ಬರೆದಿರೋದೂ 0.4. ಇನ್ನೊಂದೂ ಅಷ್ಟೇ. ಟ್ಯಾಂಕೊಳಗೆ ಹಾಕಿ ತಳದಾಗೆ ನೋಡಿದ್ರೆ ಮೀಟರಲ್ಲಿ ಎಡಗಡೆ ಬರೀ 1 ನಿಂತುಬಿಡ್ತು, ಅಂದ್ರೆ ಓಪನ್. ಎರಡು ಕಾಯಿಲಿಗೂ ಹಂಗೇ. ಕಾಯಿಲ್ ಸರಿ, ಟ್ಯಾಂಕಿಗೆ ಹೋದ ಕೂಡ್ಲೆ ಓಪನ್. ನಮ್ಮ ಭಾಷೇಲಿ ಹೇಳೋದಾದ್ರೆ ವೈಂಡಿಂಗ್ ಸರಿ, ಲೀಡ್ ಜಾಯಿಂಟ್ ಬಿಟ್ಟೈತೆ. ಟ್ಯಾಂಕ್ ತಳದ ಪಿನ್ ಅಲುಗಾಡ್ತಿಲ್ಲ, ಗಟ್ಟಿ ಐತೆ. ಮತ್ತೆ ಜಾಯಿಂಟ್ ಎಲ್ಲಿ ಬಿಟ್ಟಿರೋದು?

ದುರ್ಗದ ಗಾಳಿಫ್ಯಾನ್

ಚಿತ್ರದುರ್ಗದಿಂದ. ನಾನು ಹೊರದೇಶದಾಗೆ ಆರು ವರ್ಷ ಇದ್ದೋನು, ಅಲ್ಲಿ ಇದನ್ನ ಸೇದ್ತಿದ್ದೆ, ಈಗ ಎರಡೂ ಇಲ್ಲ. ನಿಂದು ಕಾಯಿಲ್ ತಿರುಗಿಸಿ ಹಾಕೋದಾ, ಒತ್ತಿ ಕೂರ್ಸೋದಾ ಅಣ್ಣ? ಒತ್ತಿ ಕೂರ್ಸೋದಾದ್ರೆ ನಂಗೆ ಇಲ್ಲಿಂದಲೇ ಕಾಣ್ತೈತೆ ಏನಾಗೈತೆ ಅಂತ.

ಕಾಯಿಲ್ ಸುತ್ತ ಎರಡು ಸಣ್ಣ ರಬ್ಬರ್ ರಿಂಗ್ ಇರ್ತವೆ. ಹೊಸದ್ರಾಗೆ ಅವು ಒಣಗಿರ್ತವೆ, ಒಣ ರಬ್ಬರು ಲೋಹಕ್ಕೆ ಹಿಡ್ಕೊಂಡು ಅರ್ಧಕ್ಕೇ ನಿಂತುಬಿಡುತ್ತೆ, ಕೈಗೆ ಮಾತ್ರ ಪೂರ್ತಿ ಕೂತಂಗೆ ಅನ್ಸುತ್ತೆ. ಕೊನೆ ಒಂದು ಮಿ.ಮೀ. ಉಳಿದಿರುತ್ತೆ, ತಳದ ಪಿನ್ನಿಗೂ ಕಾಯಿಲಿಗೂ ನಡುವೆ ಗಾಳಿ. ಪಿವಿಸಿ ಪೈಪಿನ ರಿಂಗ್ ಜಾಯಿಂಟ್ ಒಣಗಿದ್ದು ಒಳಗೆ ಹೋಗುತ್ತಾ? ಸೋಪಿನ ನೀರು ಹಚ್ಚಲ್ವಾ? ಹಂಗೇ ಇದಕ್ಕೆ ಅದೇ ಲಿಕ್ವಿಡ್ ಒಂದು ಹನಿ ರಿಂಗಿಗೆ ಸವರಿ, ಟೇಬಲ್ ಮೇಲೆ ನೇರ ಇಟ್ಟು ಹೆಬ್ಬೆರಳಲ್ಲಿ ಅದುಮು. ಟಕ್ ಅನ್ನುತ್ತೆ. ಅನ್ನಲಿಲ್ಲಾಂದ್ರೆ ಕೂತಿಲ್ಲ ಅಂತ. ಕೆಲವಕ್ಕೆ ಒಂದು ಬದಿ ಚಪ್ಪಟೆ ಇರುತ್ತೆ, ಚಪ್ಪಟೆಗೆ ಚಪ್ಪಟೆ ಹೊಂದಬೇಕು, ಇಲ್ಲಾಂದ್ರೆ ಜಪ್ಪಯ್ಯ ಅಂದ್ರೂ ಕೆಳಗೆ ಹೋಗಲ್ಲ.

ಒಳಗಿನ ಹತ್ತೀನೂ ನೆನೆಸು, ಕಾಯಿಲಿನ ಬದಿ ತೂತಲ್ಲಿ ಬಿಳಿ ಹತ್ತಿ ಕಾಣ್ತಲ್ಲ ಅಲ್ಲಿ ಮೂರ್ನಾಲ್ಕು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ ಹತ್ತು ನಿಮಿಷ ಸುಮ್ನೆ ಬಿಡು. ಒಣ ಹತ್ತಿ ಮೇಲೆ ಫೈರ್ ಮಾಡಿದ್ರೆ ಹತ್ತಿ ಸುಟ್ಟು ಬರೋ ಆ ವಾಸನೆ, ದಾವಣಗೆರೆ ಮಿಲ್ಲಿಗೆ ಬೆಂಕಿ ಬಿದ್ದಂಗೆ ಗಂಟ್ಲಾಗೆ ಕೂರುತ್ತೆ, ಕಾಯಿಲ್ ಅಲ್ಲಿಗೆ ಮುಗೀತು.

ಹಾಟ್ ಏರ್ ಗನ್

ದುರ್ಗದವರು ಹೇಳಿದ್ದು ಸರಿ ಇದೆ, ನನಗದು ಹೊಳೀಲಿಲ್ಲ. ನಾನು ಬೋರ್ಡ್ ನೋಡೋನು, ರಬ್ಬರ್ ನೋಡಲ್ಲ.

ಆದ್ರೆ ಅಣ್ಣ ನಿಮ್ಮ ಮೊದಲನೇ ಪೋಸ್ಟ್ ಮತ್ತೆ ಓದ್ತಿದ್ದೆ, ಹೆಡ್‌ಲೈಟ್ ಟಾರ್ಚಿನ ಸೆಲ್ ಹಾಕಿದೀನಿ ಅಂತ ಬರೆದಿದೀರಲ್ಲ, ಅದರ ಮೇಲೆ ಎಷ್ಟು ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ) ಅಂತ ಬರೆದಿದೆ?

ಪಂಪ್‌ಸೆಟ್ ಅಣ್ಣ

9900 ಅಂತ ಬರೆದೈತೆ. ಕೆಂಪು ಬಣ್ಣದ್ದು. ಪ್ಲಾಸ್ಟಿಕ್ ಒಂದು ಕಡೆ ಚೂರು ಹರಿದೈತೆ.

ಹಾಟ್ ಏರ್ ಗನ್

ಈಗಲೇ ಹೊರಗೆ ತೆಗೀರಿ. ಓದಿ ಮುಗಿಸಿ ಆಮೇಲೆ ಅಲ್ಲ, ಈಗ.

ತೆಗೆದ್ರಾ? ಈಗ ಹೇಳ್ತೀನಿ. 18650 ಅಂದ್ರೆ 18 ಮಿ.ಮೀ. ಅಗಲ 65 ಮಿ.ಮೀ. ಉದ್ದ, ಆ ಸೈಜಲ್ಲಿ ಒಳ್ಳೆ ಕಂಪನಿ ಸೆಲ್ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ಒಳಗೆ ಇರುತ್ತೆ. 9900 ಅನ್ನೋದು ಲೀಟರ್ ಚೊಂಬಲ್ಲಿ ಮೂರು ಲೀಟರ್ ಹಾಲು ತಂದೆ ಅಂದಂಗೆ. ಅಂಗಡಿಗೆ ಬರೋ ಟಾರ್ಚು, ಸೊಳ್ಳೆ ಬ್ಯಾಟು, ಪವರ್ ಬ್ಯಾಂಕ್ ಬಿಚ್ಚಿ ಬಿಚ್ಚಿ ಇಂಥವು ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಒಂದನ್ನ ಅಳೆದಾಗ 700 ಚಿಲ್ಲರೆ ಬಂತು.

ಟಾರ್ಚಿಗೆ ಅದು ಸಾಕು, ಒಂದು ಆಂಪಿಯರೋ ಒಂದೂವರೆಯೋ ಕೇಳುತ್ತೆ. ನಿಮ್ಮ ಡಬ್ಬಿ 40 ವ್ಯಾಟಿಗೆ ಇಟ್ಟಿದ್ರೆ 40ನ್ನ ಸೆಲ್ಲಿನ 3.7 ವೋಲ್ಟಿಂದ ಭಾಗಿಸಿದ್ರೆ ಹತ್ತಿರ ಹತ್ತಿರ 11 ಆಂಪಿಯರ್, ಸರ್ಕ್ಯೂಟಿನ ನಷ್ಟ ಸೇರಿದ್ರೆ 12. ಚಾರ್ಜ್ ಇಳೀತಾ ಹೋದಂಗೆ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ಒಂದು ಎಚ್‌ಪಿ ಮೋಟಾರಿಗೆ ಐದು ಎಚ್‌ಪಿ ಲೋಡ್ ಹಾಕಿದ್ರೆ ಏನಾಗುತ್ತೆ? ಅಲ್ಲಿ ವೈಂಡಿಂಗ್ ಸುಡುತ್ತೆ, ನಿಮಗೆ ಕೆಲಸ ಸಿಗುತ್ತೆ, ಇಲ್ಲಿ ಸೆಲ್ ಬಿಸಿಯಾಗಿ ಒಳಗಿನ ಗ್ಯಾಸ್ ಬುಸ್ ಅಂತ ಹೊರಗೆ ಬಂದು ಬೆಂಕಿ ಹತ್ತುತ್ತೆ, ಅದೂ ಮುಖದ ಹತ್ರ ಹಿಡ್ಕೊಂಡಿರೋವಾಗ.

ಹರಿದ ಪ್ಲಾಸ್ಟಿಕ್ ಇನ್ನೂ ಮುಖ್ಯ. ಸೆಲ್ಲಿನ ತಳ ಅಷ್ಟೇ ನೆಗೆಟಿವ್ ಅಂತ ತಿಳ್ಕೊಂಡಿರ್ತೀವಿ, ಅಲ್ಲ, ಪೂರ್ತಿ ಸಿಲಿಂಡರ್ ಮೈಯೆಲ್ಲ ನೆಗೆಟಿವ್, ಮೇಲಿನ ಅಂಚಿನವರೆಗೂ. ಪಾಸಿಟಿವ್ ಚುಕ್ಕೆಗೂ ಅಂಚಿಗೂ ನಡುವೆ ಇರೋದು ಆ ತೆಳು ಪ್ಲಾಸ್ಟಿಕ್ಕು, ಒಂದು ಬಿಳಿ ಕಾಗದದ ರಿಂಗು, ಅಷ್ಟೇ. ಅದು ಹರಿದ ಜಾಗ ಲೋಹಕ್ಕೆ ತಾಗಿದ್ರೆ ಡೆಡ್ ಶಾರ್ಟ್. ಇಂಥ ಬಿಡಿ ಸೆಲ್ಲನ್ನ ಕೀಚೈನ್ ಜೊತೆ ಜೇಬಲ್ಲಿ ಹಾಕ್ಕೊಂಡು ತೊಡೆ ಸುಟ್ಟುಕೊಂಡೋರಿದಾರೆ.

ನಿಜ ಹೇಳಬೇಕಂದ್ರೆ ಕಾಯಿಲ್ ಸರಿಯಾಗಿ ಕೂರದೇ ಇದ್ದದ್ದೇ ಒಳ್ಳೇದಾಯ್ತು ಅಣ್ಣ. ನಾಲ್ಕು ದಿನ ಅದು ಫೈರ್ ಆಗದೆ ನಿಮ್ಮನ್ನ ಕಾಪಾಡಿದೆ.

ಔಷಧಿ ಅಂಗಡಿ ಅಕ್ಕ

ಲಿಕ್ವಿಡ್ ಬಾಟಲಿ ಮೇಲೆ ಎಷ್ಟು ಮಿಲಿಗ್ರಾಂ ಅಂತ ಬರೆದಿದೆ ನೋಡಿ ಹೇಳ್ರಿ ಅಣ್ಣಾವ್ರೇ. ಇಂಗ್ಲೆಂಡಿನ ಬಾಟಲಿ ಅಂದ್ರೆ 10 ಎಂಎಲ್ ಇರುತ್ತೆ, ನಿಕೋಟಿನ್ ಒಂದು ಎಂಎಲ್‌ಗೆ ಹೆಚ್ಚಂದ್ರೆ 20 ಮಿ.ಗ್ರಾಂ, ಅಲ್ಲಿ ಅದೇ ಮಿತಿ. 20ರದ್ದಾಗಿದ್ರೆ ಆ ಬೆರಳುದ್ದದ ಬಾಟಲೀಲಿ 200 ಮಿ.ಗ್ರಾಂ ನಿಕೋಟಿನ್ ಇದೆ ಅಂತ ಅರ್ಥ. ಹಣ್ಣಿನ ವಾಸನೆ ಬೇರೆ ಹಾಕಿರ್ತಾರೆ. ಮನೇಲಿ ಸಣ್ಣ ಮಕ್ಕಳಿದ್ರೆ ಅವರ ಕೈಗೆ ಸಿಗೋ ಹಾಗೆ ಇಡಲೇಬೇಡಿ, ಕುಡಿದ್ರೆ ಪ್ರಾಣಕ್ಕೇ ಬರುತ್ತೆ. ಕೈಮೇಲೆ ಚೆಲ್ಲಿದ್ರೂ ಒರೆಸಿ ಬಿಡಬೇಡಿ, ಸೋಪು ಹಾಕಿ ತೊಳೀರಿ, ಚರ್ಮದ ಮೂಲಕನೂ ಒಳಗೆ ಹೋಗುತ್ತೆ.

ಈಗ ದುರ್ಗದ ಅಣ್ಣ ಹೇಳಿದ ಹಾಗೆ ರಿಂಗಿಗೆ ಹಚ್ಚೋವಾಗ ಬೆರಳಲ್ಲಿ ಹಚ್ಚಬೇಡಿ, ಇಯರ್ ಬಡ್ ತಗೊಳ್ಳಿ.

ದುರ್ಗದ ಗಾಳಿಫ್ಯಾನ್

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. 20 ಮಿ.ಗ್ರಾಂದು ಸಣ್ಣ ಪಾಡ್‌ಗೆ ಮಾಡಿರೋದು, ಹತ್ತು ಹದಿನೈದು ವ್ಯಾಟಿಗೆ, ಸ್ವಲ್ಪ ಸ್ವಲ್ಪ ಹೊಗೆ ಬರೋವಂಥದ್ದಕ್ಕೆ. 0.4 ಓಮ್ ಕಾಯಿಲ್ 40 ವ್ಯಾಟಿಗೆ ಇಟ್ಟು ಅದೇ ಲಿಕ್ವಿಡ್ ಎಳೆದ್ರೆ ತಲೆ ಗಿರ್ ಅಂದು ಅಲ್ಲೇ ಕೂತುಬಿಡ್ತೀಯ ಅಣ್ಣ. ಅಂಥ ಕಾಯಿಲಿಗೆ 3 ಮಿ.ಗ್ರಾಂ ಹಾಕೋದು. ನಂಗೆ ಮೊದಲನೇ ದಿನ ಹಂಗೇ ಆಗಿ ಬಸ್ ಸ್ಟಾಪಲ್ಲಿ ಅರ್ಧ ಗಂಟೆ ಕಂಬ ಹಿಡ್ಕೊಂಡು ನಿಂತಿದ್ದೆ.

ಪಂಪ್‌ಸೆಟ್ ಅಣ್ಣ

ಎಲ್ಲ ಒಂದೇ ಸಲ ಹೇಳ್ತೀನಿ ಕೇಳ್ರಿ, ಮೂರು ದಿನದ ಕಥೆ.

ಟಾರ್ಚ್ ಸೆಲ್ ತೆಗೆದು, ಹರಿದ ಜಾಗಕ್ಕೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಅಂಗಡಿ ಹೊರಗಿನ ಕಟ್ಟೆ ಮೇಲೆ ಇಟ್ಟೆ. ಹುಡುಗ ಅದಕ್ಕೂ ಚೀಟಿ ಅಂಟಿಸಿದ, "ಮುಟ್ಟಬೇಡಿ" ಅಂತ. ಆಮೇಲೆ ಅಳಿಯನಿಗೆ ಫೋನ್ ಮಾಡಿ ಸೆಲ್ ಯಾಕೋ ಕೊಡ್ಲಿಲ್ಲ ಅಂತ ಕೇಳಿದೆ. ಮಾಮಾ ಬಿಡಿ ಸೆಲ್ ಲಗೇಜಿಗೆ ಹಾಕಂಗಿಲ್ಲ, ಕೈಚೀಲದಾಗೆ ತರಬೇಕು, ಪ್ಲಾಸ್ಟಿಕ್ ಕೇಸಲ್ಲಿ ಹಾಕಿ ತಂದಿದ್ದೆ, ಅಮ್ಮನ ಮನೇಲೇ ಮರೆತೆ ಅಂದ. ಹರಿಹರಕ್ಕೆ ಹೋದೆ. ಅಕ್ಕ ಅದನ್ನ ಟೀವಿ ರಿಮೋಟಿನ ಸೆಲ್ ಅಂತ ತಿಳ್ಕೊಂಡು ಹಾಕೋಕೆ ನೋಡ್ಯಾಳೆ, ದಪ್ಪ ಆಯ್ತು ಅಂತ ಸೂಜಿ ದಾರದ ಡಬ್ಬೀಲಿ ಹಾಕಿ ಇಟ್ಟಿದ್ಳು. ಸೂಜಿಗಳ ಜೊತೆ! ಪುಣ್ಯಕ್ಕೆ ಕೇಸು ಮುಚ್ಚಿತ್ತು.

ಆ ಸೆಲ್ ಮೇಲೆ ಹಸಿರು ಪ್ಲಾಸ್ಟಿಕ್ಕು, 2500 ಎಂಎಎಚ್, 20 ಆಂಪಿಯರ್ ಅಂತ ಬರೆದೈತೆ. ಮೀಟರ್ ಹಿಡಿದ್ರೆ 3.6 ವೋಲ್ಟ್. ಡಬ್ಬಿಗೆ ಹಾಕಿ ಚಾರ್ಜಿಗೆ ಇಟ್ಟೆ, ಮಗನ ಫೋನಿನ ಹೊಸ ಚಾರ್ಜರು, ಎರಡೂ ಕಡೆ ಸಿ ಟೈಪ್ ಇರೋ ಕೇಬಲ್ಲು. ಚಾರ್ಜ್ ಆಗ್ಲೇ ಇಲ್ಲ, ಲೈಟೂ ಬರ್ಲಿಲ್ಲ. ಅಯ್ಯೋ ಇದೊಂದು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಹುಡುಗ ತನ್ನ ಹಳೇ ಫೋನಿನ ಚಾರ್ಜರು ಕೇಬಲ್ಲು ತಂದು ಚುಚ್ಚಿದ, ಚಾರ್ಜ್ ಶುರು ಆಯ್ತು. ಯಾಕೆ ಅಂತ ನಂಗೆ ಇನ್ನೂ ಗೊತ್ತಿಲ್ಲ, ಗನ್ ತಮ್ಮ ಹೇಳ್ಬೇಕು.

ಇನ್ನು ಕಾಯಿಲ್ ವಿಷಯ. ದುರ್ಗದ ಅಣ್ಣಾ, ನಿನ್ನ ಬಾಯಿಗೆ ಸಕ್ಕರೆ ಹಾಕ. ಒತ್ತಿ ಕೂರ್ಸೋದೇ ನಂದು. ಟ್ಯಾಂಕಿನ ತಳ ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕಿಗೆ ನೋಡಿದೆ, ಕಾಯಿಲಿನ ಅಂಚಿಗೂ ಬೇಸಿಗೂ ನಡುವೆ ಒಂದು ಗೆರೆಯಷ್ಟು ಬೆಳಕು ಕಾಣ್ತು. ನಾವು ಸ್ಟೇಟರಲ್ಲಿ ಸ್ಲಾಟಿಗೆ ಹಾಕೋ ಕಾಗದ ಐತಲ್ಲ, ಅಷ್ಟು ದಪ್ಪದ ಬೆಳಕು. ಅಷ್ಟಕ್ಕೆ ನಾಲ್ಕು ದಿನ! ಇಯರ್ ಬಡ್ಡಲ್ಲಿ ರಿಂಗಿಗೆ ಲಿಕ್ವಿಡ್ ಸವರಿ, ವರ್ಕ್ ಟೇಬಲ್ ಮೇಲೆ ಇಟ್ಟು ಹೆಬ್ಬೆರಳಲ್ಲಿ ಅದುಮಿದೆ. ಟಕ್. ಮೀಟರ್ ಹಿಡಿದೆ, ಟ್ಯಾಂಕ್ ತಳದಾಗೂ 0.7. ಎರಡೇ ಬೆರಳಲ್ಲಿ ಡಬ್ಬಿಗೆ ತಿರುಗಿಸಿದೆ, ಡಿಸ್‌ಪ್ಲೇಲಿ 0.41 ಓಮ್ ಅಂತ ಬಂತು ನೋಡ್ರಿ. ನಂಗೆ ಅದು ನೋಡಿನೇ ಹೊಟ್ಟೆ ತುಂಬ್ತು.

ಬಾಟಲಿ ಮೇಲೆ 20 ಅಂತಲೇ ಐತೆ ಅಕ್ಕ, ನೀವು ಹೇಳಿದ್ದು ಸರಿ. ದುರ್ಗದಣ್ಣ ಹೇಳಿದ್ರಲ್ಲ ಅಂತ 15 ವ್ಯಾಟಿಗೆ ಇಳಿಸಿ ಒಂದು ಸಲ ಬಟನ್ ಒತ್ತಿದೆ, ಕಾಯಿಲ್ ಚುಯ್ ಅಂತ ಸದ್ದು ಮಾಡ್ತು, ಹೊಗೆ ಬಂತು. ಒಂದು ಎಳೆದೆ. ಮಾವಿನಹಣ್ಣಿನ ಶರಬತ್ತು ಗಂಟ್ಲಲ್ಲಿ ಸಿಕ್ಕಂಗಾಯ್ತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

ಹಾಟ್ ಏರ್ ಗನ್

ಸೂಪರ್ ಅಣ್ಣ. ಚಾರ್ಜರ್ ವಿಷಯ ಹೇಳ್ತೀನಿ. ಎರಡೂ ಕಡೆ ಸಿ ಇದ್ದಾಗ ಚಾರ್ಜರ್ ಸುಮ್ನೆ 5 ವೋಲ್ಟ್ ಬಿಡಲ್ಲ, ಆ ಕಡೆ ಯಾರಿದಾರೆ ಅಂತ ನೋಡುತ್ತೆ. ಡಬ್ಬಿ ಒಳಗೆ 5.1 ಕಿಲೋ ಓಮಿನ ಎರಡು ಸಣ್ಣ ರೆಸಿಸ್ಟರ್ ಇದ್ರೆ ಅದಕ್ಕೆ ಗೊತ್ತಾಗುತ್ತೆ. ಅಗ್ಗಕ್ಕೆ ಮಾಡೋರು ಆ ಎರಡು ಪೈಸೆ ರೆಸಿಸ್ಟರ್ ಉಳಿಸ್ತಾರೆ, ಆಗ ಚಾರ್ಜರಿಗೆ ಆ ಕಡೆ ಯಾರೂ ಇಲ್ಲ. ಹಳೇ ಚೌಕದ ಪಿನ್ನಿನ ಚಾರ್ಜರ್ ಏನೂ ಕೇಳಲ್ಲ, ನೇರ 5 ವೋಲ್ಟ್ ಕೊಟ್ಟುಬಿಡುತ್ತೆ. ನಮ್ಮ ಅಂಗಡಿಗೆ ಟ್ರಿಮ್ಮರು, ಸ್ಪೀಕರು, ಸಣ್ಣ ಫ್ಯಾನು ಇದೇ ಕಾರಣಕ್ಕೆ ವಾರಕ್ಕೆರಡು ಬರ್ತವೆ, "ಡೆಡ್" ಅಂತ. ಕೇಬಲ್ ಬದಲಾಯಿಸಿ ಕೊಡ್ತೀನಿ, ದುಡ್ಡು ತಗೊಳ್ಳೋಕೆ ನಾಚಿಕೆ ಆಗುತ್ತೆ, ತಗೋತೀನಿ.

ಆ ಟಾರ್ಚ್ ಸೆಲ್ ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಒತ್ತಿದಾಗ ಹೊತ್ತಿಕೊಳ್ಳುತ್ತೆ. ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ, ಎರಡೂ ತುದಿಗೆ ಟೇಪ್ ಹಾಕಿ.

ಕೋರ್ಟ್ ಕಟ್ಟೆ

ಮಷಿನ್ ರಿಪೇರಿ ಆಯ್ತಲ್ಲ, ಈಗಾದ್ರೂ ನಿದ್ದೆ ಬರುತ್ತಾ ಅಣ್ಣ? ಒಂದು ಲೆಕ್ಕ ಕೇಳ್ತೀನಿ. ನಿಮ್ಮ ಹತ್ರ ಎರಡು ಕಾಯಿಲ್, ಒಂದು ಬಾಟಲಿ. ಅದು ಮುಗಿದ ಮೇಲೆ?

ದುರ್ಗದ ಗಾಳಿಫ್ಯಾನ್

ಒಂದು ಕಾಯಿಲ್ ಒಂದು ವಾರ, ಹೆಚ್ಚಂದ್ರೆ ಎರಡು. ವಕೀಲರು ಬಾಯಿ ಬಿಟ್ಟು ಹೇಳಿಲ್ಲ ನಾನು ಹೇಳ್ತೀನಿ, ಆಮೇಲೆ ಕದ್ದುಮುಚ್ಚಿ ಮಾರೋರ ಹತ್ರ ಹೋಗಬೇಕು, ಅದರೊಳಗೆ ಏನು ಕಲಸಿರ್ತಾರೋ ದೇವರಿಗೇ ಗೊತ್ತು. ಅಮೆರಿಕದಾಗೆ 2019ರಲ್ಲಿ ಹಿಂಗೇ ಬೀದಿ ಮಾಲು ಸೇದಿ ಪುಪ್ಪಸ ಕೆಟ್ಟು ಎಷ್ಟೋ ಜನ ಆಸ್ಪತ್ರೆ ಸೇರಿದ್ರು, 2020ರ ಫೆಬ್ರುವರಿ ಹೊತ್ತಿಗೆ 2,807 ಕೇಸು, 68 ಸಾವು. ಹೆಚ್ಚಿನವು ಗಾಂಜಾ ಎಣ್ಣೆ ಕಾರ್ಟ್ರಿಜ್‌ನವು, ಅದಕ್ಕೆ ವಿಟಮಿನ್ ಇ ಅಸಿಟೇಟ್ ಕಲಸಿದ್ರು. ನಿಂದು ಆ ಥರದ್ದಲ್ಲ, ಗೊತ್ತು. ಆದ್ರೆ ಬಾಟಲಿ ಮೇಲೆ ಬರೆದಿರೋದು ಬಾಟಲಿ ಒಳಗೂ ಇರ್ಬೇಕಲ್ಲ ಅಣ್ಣ, 9900 ಅಂತ ಬರೆದಿದ್ದ ಸೆಲ್ ನೋಡಿದೆಯಲ್ಲ.

ನಾನು ಬಿಟ್ಟಿದ್ದು ಫೋನ್ ಮಾಡಿ. 1800-112-356, ತಂಬಾಕು ಬಿಡಿಸೋ ಸರ್ಕಾರದ ನಂಬರು, ದುಡ್ಡಿಲ್ಲ, ಕನ್ನಡದಾಗೆ ಮಾತಾಡ್ತಾರೆ. ಮೊದಲನೇ ಸಲ ಮಾಡಿದಾಗ ಬಯ್ತಾರೆ ಅಂತ ಕಟ್ ಮಾಡಿದ್ದೆ. ಬಯ್ಯಲ್ಲ. ಎದ್ದ ಎಷ್ಟು ಹೊತ್ತಿಗೆ ಮೊದಲನೇ ಸಿಗರೇಟು ಸೇದ್ತೀರಿ ಅಂತ ಕೇಳಿದ್ರು, ಅದನ್ನ ನನ್ನ ಹೆಂಡ್ತಿನೂ ಕೇಳಿದ್ದಿಲ್ಲ.

ಔಷಧಿ ಅಂಗಡಿ ಅಕ್ಕ

ಬಿಡೋಕೆ ನಿಕೋಟಿನ್ ಗಮ್ಮೂ ಸಿಗುತ್ತೆ, 2 ಮಿ.ಗ್ರಾಂದು. ಬಬಲ್ ಗಮ್ ಥರ ಜಗೀಬೇಡಿ, ನಾಲ್ಕು ಸಲ ಕಚ್ಚಿ ಖಾರ ಬಂದ ಕೂಡ್ಲೆ ಒಸಡಿನ ಪಕ್ಕ ಇಟ್ಟುಕೊಳ್ಳಬೇಕು, ಖಾರ ಹೋದ್ಮೇಲೆ ಮತ್ತೆ ಕಚ್ಚಬೇಕು. ಜಗಿದು ನುಂಗಿ ಬಿಕ್ಕಳಿಕೆ ಬಂತು ಅಂತ ವಾಪಸ್ ತಂದು ಜಗಳ ಆಡೋರೇ ಜಾಸ್ತಿ. ಟೀ ಕುಡಿದ ತಕ್ಷಣ ಬೇಡ, ಹದಿನೈದು ನಿಮಿಷ ಬಿಡಿ. ಬಿಪಿ, ಹಾರ್ಟ್ ತೊಂದರೆ ಇದ್ರೆ ಡಾಕ್ಟರನ್ನ ಕೇಳಿ ತಗೊಳ್ಳಿ.

ಪಂಪ್‌ಸೆಟ್ ಅಣ್ಣ

ನಂಬರ್ ಬರ್ಕೊಂಡೀನಿ, ಅಂಗಡಿ ಗೋಡೆ ಮೇಲೆ, ಸೀಮೆಸುಣ್ಣದಾಗೆ, ಬೇರಿಂಗ್ ಸೈಜುಗಳ ಪಕ್ಕ. ಯಾವತ್ತು ಮಾಡ್ತೀನಿ ಅಂತ ಮಾತು ಕೊಡಲ್ಲ, ಮಾತು ಕೊಟ್ಟು ತಪ್ಪಿದ್ದು ಬಾಳ ಆಗೈತೆ.

ಡಬ್ಬೀನ ಸೆಲ್ ಬಿಚ್ಚಿ ಬೇರೆ ಬೇರೆ ಇಟ್ಟೀನಿ, ಬಾಟಲಿ ಮಕ್ಕಳ ಕೈಗೆ ಸಿಗಲ್ಲ. ಇವತ್ತು ಬೆಳಿಗ್ಗೆಯಿಂದ ಚನ್ನಗಿರಿ ಕಡೆ ತೋಟದ್ದು ಎರಡು ಮೋಟಾರ್ ಬಂದಾವೆ, ಅಡಿಕೆಗೆ ನೀರಿಲ್ಲ ಅಂತ ಪಾರ್ಟಿ ತಲೆ ಮೇಲೆ ಕೂತವ್ರೆ, ಇನ್ನು ಮೂರು ದಿನ ಈ ಕಡೆ ಬರಲ್ಲ.

ಒಂದು ಮಾತ್ರ ಬಾಕಿ ಐತೆ. ಹುಡುಗ ಬುಕ್ ಹಿಡ್ಕೊಂಡು ನಿಂತವ್ನೆ, "ಅಣ್ಣಾ ಸಣ್ಣ ಮೋಟಾರ್ ರೆಡಿ ಆಯ್ತಲ್ಲ, ಮಜೂರಿ ಎಷ್ಟು ಅಂತ ಬರೀಲಿ?" ಅಂತಾನೆ.